ಅಭಿಷೇಕದ ತೈಲ, ಗೋರಿಯ ಸುಣ್ಣ: ಫ್ರಾನ್ಸಿನ ಅರಸರ ದಾರಿಯಲ್ಲಿ ಸೋಮವಾರದಿಂದ ಶನಿವಾರ

ಈ ಪ್ರವಾಸವನ್ನು ಸೋಮವಾರವೇ ಶುರುಮಾಡಬೇಕು. ಅದಕ್ಕೆ ಕಾರಣ ಇತಿಹಾಸವಲ್ಲ, ರಜೆಯ ದಿನಗಳು. ವರ್ಸಾಯ್ ಅರಮನೆಗೆ ಸೋಮವಾರ ರಜೆ, ಲೂವ್ರ್‌ಗೆ ಮಂಗಳವಾರ ರಜೆ. ಅರಸರನ್ನು ಹೂತ ಸ್ಯಾಂ ದೆನಿ ಬಸಿಲಿಕಾದ ಗೋರಿಗಳ ಬಾಗಿಲು ಭಾನುವಾರ ಮಧ್ಯಾಹ್ನದವರೆಗೂ ತೆರೆಯುವುದಿಲ್ಲ. ಹಾಗಾಗಿ ಮೊದಲೆರಡು ದಿನ ಪ್ಯಾರಿಸ್‌ನ ಹೊರಗೆ, ಬುಧವಾರದಿಂದ ಶನಿವಾರದವರೆಗೆ ಒಳಗೆ ಮತ್ತು ಆಸುಪಾಸಿನಲ್ಲಿ. ನಾಲ್ಕು ದಿನದ ಪ್ಯಾರಿಸ್ ಮ್ಯೂಸಿಯಂ ಪಾಸ್ ಬುಧವಾರದಿಂದ ಲೆಕ್ಕಕ್ಕೆ ಬಂದರೆ ಪೂರ್ತಿ ಉಪಯೋಗವಾಗುತ್ತದೆ. ಪಾಸ್ ಕೈಯಲ್ಲಿದ್ದರೂ ಲೂವ್ರ್, ವರ್ಸಾಯ್, ಸ್ಯಾಂತ್ ಶಾಪೆಲ್‌ಗಳಿಗೆ ಗಂಟೆ ಗೊತ್ತುಮಾಡಿಕೊಂಡು ಮುಂಗಡ ಬುಕಿಂಗ್ ಮಾಡಲೇಬೇಕು. ಪಾಸ್ ಇದೆಯೆಂಬ ಧೈರ್ಯದಲ್ಲಿ ಹೋಗಿ ಬಾಗಿಲಲ್ಲಿ ವಾಪಸಾಗುವವರು ದಿನವೂ ಸಿಗುತ್ತಾರೆ. 2026ರ ಜನವರಿಯಿಂದ ಯುರೋಪಿನ ಹೊರಗಿನವರಿಗೆ ಲೂವ್ರ್ ಟಿಕೆಟ್ 32 ಯುರೋ ಆಗಿದೆ. ಬಿಡಿ ಟಿಕೆಟ್ ಕೊಳ್ಳುವುದೋ ಪಾಸ್ ಕೊಳ್ಳುವುದೋ ಎಂದು ಕೂಡಿ ಕಳೆದು ನೋಡಿ.

ಈ ಕ್ರಮದಲ್ಲಿ ಶತಮಾನಗಳು ಹಿಂದುಮುಂದಾಗುತ್ತವೆ. ಆಗಲಿ. ಇಸವಿಗಳನ್ನು ಹಿಡಿದು ಹೊರಟರೆ ಹದಿನೆಂಟು ಜನ ಲೂಯಿಗಳ ನಡುವೆ ಯಾರಾದರೂ ಕಳೆದುಹೋಗುತ್ತಾರೆ. ಅರಸನ ದೇಹವನ್ನು ಹಿಂಬಾಲಿಸುವುದು ಮೇಲು. ಎಣ್ಣೆ ಎಲ್ಲಿ ಹಚ್ಚಿದರು, ಎಲ್ಲಿ ಮಲಗಿದ, ಯಾರನ್ನು ಮುಟ್ಟಿದ, ಎಲ್ಲಿ ಇರಿತಕ್ಕೊಳಗಾದ, ಎಲುಬು ಎಲ್ಲಿ ಸೇರಿತು ಎಂದು ಕೇಳುತ್ತ ಹೋದರೆ ಫ್ರಾನ್ಸಿನ ಅರಸೊತ್ತಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸೋಮವಾರ: ರೀಮ್ಸ್

ಪ್ಯಾರಿಸ್‌ನ ಗಾರ್ ದ ಲೆಸ್ಟ್ ನಿಲ್ದಾಣದಿಂದ ಟಿಜಿವಿ ರೈಲಿನಲ್ಲಿ ಮುಕ್ಕಾಲು ಗಂಟೆ. ನಿಲ್ದಾಣದ ಘೋಷಣೆಯಲ್ಲಿ ಊರಿನ ಹೆಸರು 'ರ‍್ಯಾಂಸ್' ಎಂದು ಕೇಳಿಸುತ್ತದೆ. ಟಿಕೆಟ್ ಕೊಳ್ಳುವಾಗ ಒಂದು ಎಚ್ಚರಿಕೆ: 'ಶಾಂಪಾನ್ ಆರ್ದೆನ್' ಎಂಬ ಇನ್ನೊಂದು ನಿಲ್ದಾಣ ಊರಾಚೆ ಇದೆ, ಅಲ್ಲಿ ಇಳಿದರೆ ಟ್ರಾಮ್ ಹಿಡಿದು ಬರಬೇಕು. 'ರೀಮ್ಸ್ ಸೆಂಟರ್' ಎಂದೇ ನೋಡಿ ಕೊಳ್ಳಿ. ಅಲ್ಲಿಂದ ಕೆಥೆಡ್ರಲ್‌ಗೆ ಕಾಲು ಗಂಟೆಯ ನಡಿಗೆ.

ಮೊದಲು ಕೆಥೆಡ್ರಲ್‌ಗಲ್ಲ, ಸ್ಯಾಂ ರೆಮಿ ಬಸಿಲಿಕಾಕ್ಕೆ ಹೋಗುವುದು ಸರಿಯಾದ ಕ್ರಮ. ಕೆಥೆಡ್ರಲ್‌ನಿಂದ ದಕ್ಷಿಣಕ್ಕೆ ಇಪ್ಪತ್ತು ನಿಮಿಷ ನಡೆಯಬೇಕು, ಪ್ರವಾಸಿಗರಲ್ಲಿ ಬಹುಪಾಲು ಜನ ಅಲ್ಲಿಗೆ ಹೋಗುವುದೇ ಇಲ್ಲ. ಫ್ರಾಂಕರ ದೊರೆ ಕ್ಲೋವಿಸ್‌ನಿಗೆ ಐದನೇ ಶತಮಾನದ ಕೊನೆಯ ಹೊತ್ತಿಗೆ ದೀಕ್ಷಾಸ್ನಾನ ಮಾಡಿಸಿದ ಬಿಷಪ್ ರೆಮಿಯ ಗೋರಿ ಇಲ್ಲಿದೆ. ಆ ದಿನ ಪಾರಿವಾಳವೊಂದು ಸ್ವರ್ಗದಿಂದ ತೈಲದ ಕುಪ್ಪಿ ತಂದಿತು ಎಂಬ ಕಥೆಯನ್ನು ಬರೆದಿಟ್ಟವನು 9ನೇ ಶತಮಾನದ ಆರ್ಚ್‌ಬಿಷಪ್ ಹಿಂಕ್ಮಾರ್. ಅಂದರೆ ಘಟನೆಯಾಗಿ ಮುನ್ನೂರು ವರ್ಷಗಳ ಮೇಲೆ. ಅರಸರಿಗೆ ಅಭಿಷೇಕ ಮಾಡುವ ಹಕ್ಕು ತನ್ನ ಪೀಠದ್ದೇ ಎಂದು ಸಾಧಿಸಬೇಕಾಗಿದ್ದ ಮನುಷ್ಯ ಅವನು ಎಂಬುದನ್ನು ಮರೆಯಬಾರದು. ಆ ಕುಪ್ಪಿ ಕೆಥೆಡ್ರಲ್‌ನಲ್ಲಿ ಇರಲಿಲ್ಲ, ಈ ಮಠದ ವಶದಲ್ಲಿತ್ತು. ಅಭಿಷೇಕದ ಬೆಳಿಗ್ಗೆ ಮಠದವರೇ ಅದನ್ನು ಕುದುರೆಯ ಮೇಲೆ, ಮೇಲ್ಕಟ್ಟಿನ ನೆರಳಿನಲ್ಲಿ ಮೆರವಣಿಗೆ ಮಾಡಿ ತಂದು, ಕೆಲಸ ಮುಗಿದ ಮೇಲೆ ವಾಪಸು ಒಯ್ಯುತ್ತಿದ್ದರು.

ಈಗಿನ ಕೆಥೆಡ್ರಲ್ ಶುರುವಾದದ್ದು 1211ರಲ್ಲಿ, ಹಿಂದಿನ ವರ್ಷ ಹಳೆಯದು ಸುಟ್ಟುಹೋದ ಮೇಲೆ. ಮುಂಭಾಗದಲ್ಲಿ ತೀರಾ ಎತ್ತರದಲ್ಲಿ ಅರಸರ ಸಾಲು ಇದೆ, ಪ್ರತಿ ವಿಗ್ರಹವೂ ನಾಲ್ಕೂವರೆ ಮೀಟರ್. ಕೆಳಗಿನಿಂದ ಅವು ಬೊಂಬೆಗಳಷ್ಟೇ ಕಾಣುತ್ತವೆ, ದುರ್ಬೀನು ಇದ್ದರೆ ಒಯ್ಯಿರಿ. ನಡುವೆ ಕೊಳಗದಲ್ಲಿ ನಿಂತವನು ಕ್ಲೋವಿಸ್. ಒಳಗೆ ನಡುಹಜಾರದ ನೆಲದಲ್ಲಿ ರೆಮಿ ಅವನಿಗೆ ದೀಕ್ಷೆ ಕೊಟ್ಟ ಜಾಗವೆಂದು ಒಂದು ಕಲ್ಲು ಗುರುತಿಸಿದೆ. ತಲೆ ಎತ್ತಿ ಬಣ್ಣದ ಗಾಜು ನೋಡುವವರು ಅದನ್ನು ತುಳಿದುಕೊಂಡೇ ದಾಟುತ್ತಾರೆ.

ಅಭಿಷೇಕದ ವಿಧಿ ತಿಳಿದಿದ್ದರೆ ಬಲಿಪೀಠದ ಮುಂದಿನ ಖಾಲಿ ನೆಲಕ್ಕೆ ಅರ್ಥ ಬರುತ್ತದೆ. ಅರಸ ಮೊದಲು ಚರ್ಚಿನ ಹಕ್ಕುಗಳನ್ನು ಕಾಯುವುದಾಗಿ ಪ್ರಮಾಣ ಮಾಡುತ್ತಿದ್ದ, ಆಮೇಲೆ ಉದ್ದಕ್ಕೆ ಸಾಷ್ಟಾಂಗ ಬೀಳುತ್ತಿದ್ದ. ಆರ್ಚ್‌ಬಿಷಪ್ ಚಿನ್ನದ ಸೂಜಿಯ ತುದಿಯಿಂದ ಕುಪ್ಪಿಯ ಗಟ್ಟಿಯಾದ ತೈಲವನ್ನು ಚೂರೇ ಚೂರು ತೆಗೆದು, ಚರ್ಚಿನ ಮಾಮೂಲಿ ಪವಿತ್ರ ತೈಲದೊಂದಿಗೆ ಕಲಸುತ್ತಿದ್ದ. ಹೀಗೆ ಬೆರೆಸಿಯೇ ಒಂದು ಕುಪ್ಪಿ ಶತಮಾನಗಟ್ಟಲೆ ತೀರದೆ ಬಂತು. ಹಚ್ಚುತ್ತಿದ್ದುದು ನೆತ್ತಿ, ಎದೆ, ಬೆನ್ನಿನ ಮೇಲ್ಭಾಗ, ಎರಡು ಹೆಗಲು, ಎರಡು ಮೊಣಕೈ ಸಂದು, ಆಮೇಲೆ ಅಂಗೈಗಳಿಗೆ. ಇದಕ್ಕಾಗಿ ಅರಸನ ಅಂಗಿಯಲ್ಲಿ ಆಯಾ ಜಾಗಕ್ಕೆ ಸರಿಯಾಗಿ ಸೀಳು ಬಿಟ್ಟು ದಾರದಿಂದ ಕಟ್ಟಿರುತ್ತಿದ್ದರು. ಕಿರೀಟ ಬರುವುದು ಇದೆಲ್ಲದರ ನಂತರ. ನಮ್ಮಲ್ಲಿ ಪಟ್ಟಾಭಿಷೇಕ ಎಂದರೆ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಇಲ್ಲಿ ತೂಕವೆಲ್ಲ ಅಭಿಷೇಕದ್ದು, ಪಟ್ಟ ಅದರ ಹಿಂದೆ ಬರುವಂಥದು.

ಇದರ ಬೆಲೆ ಗೊತ್ತಾದದ್ದು 1429ರಲ್ಲಿ. ಫ್ರಾನ್ಸ್, ಇಂಗ್ಲೆಂಡ್‌ಗಳ ನೂರು ವರ್ಷದ ಯುದ್ಧ ನಡೆದಿತ್ತು, ಪ್ಯಾರಿಸ್ ಇಂಗ್ಲಿಷರ ಕೈಯಲ್ಲಿತ್ತು. ಕಿರೀಟ, ರಾಜದಂಡಗಳನ್ನು ಇಟ್ಟಿದ್ದ ಸ್ಯಾಂ ದೆನಿ ಮಠವೂ ಅವರ ಕೈಯಲ್ಲಿತ್ತು. ಫ್ರೆಂಚ್ ಪಡೆಯ ಜೊತೆ ಹೊರಟ ಹಳ್ಳಿಯ ಹುಡುಗಿ ಜೋನ್ ಆಫ್ ಆರ್ಕ್ ಆರ್ಲಿಯನ್ಸ್ ಊರನ್ನು ಮುತ್ತಿಗೆಯಿಂದ ಬಿಡಿಸಿದ ಮೇಲೆ ನೇರ ಪ್ಯಾರಿಸ್‌ಗೆ ನುಗ್ಗದೆ, ಶತ್ರುಗಳ ಸೀಮೆಯ ನಡುವಿನಿಂದ 7ನೇ ಚಾರ್ಲ್ಸ್‌ನನ್ನು ರೀಮ್ಸ್‌ಗೆ ಕರೆತಂದಳು. ಜುಲೈ 17ರಂದು ಬದಲಿ ಕಿರೀಟದಲ್ಲೇ ಕೆಲಸ ಮುಗಿಯಿತು, ತೈಲ ಅಸಲಿಯಾಗಿದ್ದರೆ ಸಾಕಿತ್ತು. ಇಂಗ್ಲಿಷರು 1431ರ ಡಿಸೆಂಬರ್‌ನಲ್ಲಿ ತಮ್ಮ ಬಾಲಕ 6ನೇ ಹೆನ್ರಿಗೆ ಪ್ಯಾರಿಸ್‌ನ ನೋತ್ರ್ ದಾಮ್‌ನಲ್ಲಿ ಕಿರೀಟ ತೊಡಿಸಿದರು. ಅದನ್ನು ಫ್ರೆಂಚರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅಪವಾದ ಇಲ್ಲವೆಂದಲ್ಲ. 4ನೇ ಹೆನ್ರಿಗೆ 1594ರಲ್ಲಿ ಶಾರ್ತ್ರ್ ಊರಿನಲ್ಲಿ ಅಭಿಷೇಕವಾಯಿತು, ರೀಮ್ಸ್ ಆಗ ಅವನ ವಿರೋಧಿಗಳ ವಶದಲ್ಲಿತ್ತು. ಆಗ ತೂರ್ ಬಳಿಯ ಮಾರ್ಮುತಿಯೆ ಮಠದಲ್ಲಿದ್ದ ಸಂತ ಮಾರ್ಟಿನನ ತೈಲ ತರಿಸಿಕೊಂಡರು.

ಎಣ್ಣೆ ಬಿದ್ದ ಕೈಗೆ ಗಂಡಮಾಲೆ ರೋಗ ವಾಸಿಮಾಡುವ ಶಕ್ತಿ ಬರುತ್ತದೆಂಬ ನಂಬಿಕೆ ಇತ್ತು. 16ನೇ ಲೂಯಿ 1775ರಲ್ಲಿ ಅಭಿಷೇಕವಾದ ಮೂರು ದಿನಕ್ಕೆ ಸುಮಾರು 2,400 ರೋಗಿಗಳನ್ನು ಮುಟ್ಟಿದ. ಐವತ್ತು ವರ್ಷ ಕಳೆದು 1825ರಲ್ಲಿ ಇಲ್ಲಿ ಕೊನೆಯ ಅಭಿಷೇಕ ಮಾಡಿಸಿಕೊಂಡ 10ನೇ ಚಾರ್ಲ್ಸ್‌ನ ಮುಂದೆ ಬಂದವರು 120ರ ಆಸುಪಾಸು. ಈ ಎರಡು ಅಂಕಿಗಳ ನಡುವೆ ಆದದ್ದನ್ನು ನೋಡಲು ಕೆಥೆಡ್ರಲ್‌ನಿಂದ ಐದು ನಿಮಿಷ ನಡೆದು ಪ್ಲಾಸ್ ರುವಾಯಾಲ್ ಚೌಕಕ್ಕೆ ಹೋಗಬೇಕು. 1793ರ ಅಕ್ಟೋಬರ್ 7ರಂದು ಕ್ರಾಂತಿ ಸರ್ಕಾರದ ಪ್ರತಿನಿಧಿ ರೂಲ್ ಎಂಬವನು 15ನೇ ಲೂಯಿಯ ವಿಗ್ರಹ ಕಿತ್ತ ಪೀಠದ ಮೇಲೆ ಆ ಕುಪ್ಪಿಯನ್ನಿಟ್ಟು ಸುತ್ತಿಗೆಯಿಂದ ಒಡೆದ. ಹಿಂದಿನ ದಿನವೇ ಕೆಲವರು ಸ್ವಲ್ಪ ತೈಲ ತೆಗೆದಿಟ್ಟುಕೊಂಡಿದ್ದರು, 1825ರಲ್ಲಿ ಬಳಸಿದ್ದು ಅದನ್ನೇ ಎಂದು ಘೋಷಿಸಲಾಯಿತು.

ಕೆಥೆಡ್ರಲ್ ಪಕ್ಕದ ತೋ ಅರಮನೆಯಲ್ಲಿ ಅಭಿಷೇಕದ ಸಾಮಗ್ರಿಗಳಿವೆ. ಅದು ದುರಸ್ತಿಗಾಗಿ ಬಹುಕಾಲ ಮುಚ್ಚಿತ್ತು, ತೆರೆದಿದೆಯೇ ಎಂದು ನೋಡಿಕೊಂಡು ಹೋಗಿ. ಸೋಮವಾರ ಊರಿನ ಅನೇಕ ಹೋಟೆಲುಗಳೂ ಮುಚ್ಚಿರುತ್ತವೆ, ಬುತ್ತಿ ಇದ್ದರೆ ಒಳ್ಳೆಯದು.

ಮಂಗಳವಾರ: ಬ್ಲುವಾ, ಅಂಬುವಾಸ್

ಪ್ಯಾರಿಸ್‌ನ ಔಸ್ತರ್ಲಿಟ್ಸ್ ನಿಲ್ದಾಣದಿಂದ ಬ್ಲುವಾ ಒಂದೂವರೆ ಗಂಟೆಯ ದಾರಿ. ಕೆಲವು ರೈಲುಗಳಿಗೆ ಆರ್ಲಿಯನ್ಸ್ ಹೊರವಲಯದ ಲೆ ಜೋಬ್ರೇ ನಿಲ್ದಾಣದಲ್ಲಿ ಬದಲಿಸಬೇಕು. ಬ್ಲುವಾದಿಂದ ಅಂಬುವಾಸ್ ಅದೇ ಹಳಿಯ ಮೇಲೆ ಇಪ್ಪತ್ತು ನಿಮಿಷ. ಶಾಂಬೋರ್ ಯಾಕಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1519ರಲ್ಲಿ ಶುರುವಾದ, 400ಕ್ಕೂ ಹೆಚ್ಚು ಕೋಣೆಗಳ ಆ ಅರಮನೆಯಲ್ಲಿ 1ನೇ ಫ್ರಾನ್ಸಿಸ್ ತನ್ನ 32 ವರ್ಷದ ಆಳ್ವಿಕೆಯಲ್ಲಿ ತಂಗಿದ್ದು ಎಲ್ಲ ಸೇರಿ ಎಪ್ಪತ್ತು ಚಿಲ್ಲರೆ ದಿನ. ಅದು ಬೇಟೆಯ ಬಿಡಾರ. ರೈಲಿನಲ್ಲಿ ಹೋಗುವವರಿಗೆ ಅಲ್ಲಿ ನಿಲ್ದಾಣವಿಲ್ಲ, ಬ್ಲುವಾದಿಂದ ಬಸ್ಸೂ ಋತುಮಾನ ನೋಡಿ ಓಡುತ್ತದೆ. ಸ್ವಂತ ಕಾರಿದ್ದರೆ ಹೋಗಿ, ಇಲ್ಲದಿದ್ದರೆ ಅಲ್ಲಿನ ಹೆಸರಾಂತ ಸುರುಳಿ ಮೆಟ್ಟಿಲೊಂದಕ್ಕಾಗಿ ಅರ್ಧ ದಿನ ಕಳೆಯುವುದು ಬೇಡ.

ಪ್ಯಾರಿಸ್‌ನ ದೊರೆಗಳು ಲುವಾರ್ ನದಿಯ ದಂಡೆಗೆ ಬಂದದ್ದು ವಿಲಾಸಕ್ಕಲ್ಲ. 1418ರಲ್ಲಿ ಪ್ಯಾರಿಸ್ ಕೈತಪ್ಪಿತು. ಮರಳಿ ಸಿಕ್ಕಿದ್ದು 1436ರಲ್ಲಿ. ಅಷ್ಟರಲ್ಲಿ ಆಸ್ಥಾನಕ್ಕೆ ಈ ಸೀಮೆಯ ಅಭ್ಯಾಸ ಹತ್ತಿ, ಇನ್ನೊಂದು ನೂರು ವರ್ಷ ಇಲ್ಲೇ ಉಳಿಯಿತು.

ಬ್ಲುವಾ ಅರಮನೆಯ ಅಂಗಳದ ನಡುವೆ ನಿಂತು ಒಂದು ಸುತ್ತು ತಿರುಗಿದರೆ ನಾಲ್ಕು ಕಾಲದ ಕಟ್ಟಡ ಕಾಣುತ್ತದೆ. ಲಾಂಛನ ನೋಡಿ ಗುರುತು ಹಿಡಿಯಬಹುದು: ಮುಳ್ಳುಹಂದಿ ಇದ್ದರೆ 12ನೇ ಲೂಯಿಯ ಇಟ್ಟಿಗೆಯ ಭಾಗ, ಬೆಂಕಿಯಲ್ಲಿ ಕೂತ ಸಲಮಾಂಡರ್ (ಹಲ್ಲಿಯಂಥ ಪ್ರಾಣಿ) ಇದ್ದರೆ 1ನೇ ಫ್ರಾನ್ಸಿಸ್‌ನ ಭಾಗ. ತೆರೆದ ಸುರುಳಿ ಮೆಟ್ಟಿಲಿರುವುದು ಎರಡನೆಯದರಲ್ಲಿ. ಏನೂ ಲಾಂಛನವಿಲ್ಲದೆ ಗಂಭೀರವಾಗಿ ನಿಂತದ್ದು 13ನೇ ಲೂಯಿಯ ತಮ್ಮ ಗಾಸ್ತೋಂ ಕಟ್ಟಿಸತೊಡಗಿದ್ದು. ಅಣ್ಣನಿಗೆ ಮಕ್ಕಳಿಲ್ಲದ್ದರಿಂದ ಮುಂದಿನ ದೊರೆ ತಾನೇ ಎಂದು 1635ರಲ್ಲಿ ದೊಡ್ಡದಾಗಿ ಶುರುಮಾಡಿದ. 1638ರಲ್ಲಿ ಅಣ್ಣನಿಗೆ ಗಂಡು ಹುಟ್ಟಿತು, ಅದೇ 14ನೇ ಲೂಯಿ. ತಮ್ಮನಿಗೆ ಬರುತ್ತಿದ್ದ ಹಣ ನಿಂತಿತು. ಒಳಗೆ ಮೆಟ್ಟಿಲೂ ಇಲ್ಲದೆ ಕಟ್ಟಡ ಹಾಗೇ ಉಳಿಯಿತು, ಮೆಟ್ಟಿಲು ಹಾಕಿದ್ದು 20ನೇ ಶತಮಾನದಲ್ಲಿ.

ಎರಡನೇ ಮಹಡಿಯ ರಾಜನ ಮಲಗುವ ಕೋಣೆಯಲ್ಲಿ 1588ರ ಡಿಸೆಂಬರ್ 23ರ ಬೆಳಿಗ್ಗೆ ಗೀಸ್‌ನ ಡ್ಯೂಕ್ ಕೊಲೆಯಾದ. ಪ್ರೊಟೆಸ್ಟಂಟರ ವಿರುದ್ಧ ಕಟ್ಟಿದ ಕ್ಯಾಥೊಲಿಕ್ ಲೀಗ್‌ನ ನಾಯಕ ಅವನು. ಪ್ಯಾರಿಸ್ ಜನ ಅರಸನಿಗಿಂತ ಅವನ ಮಾತು ಕೇಳುತ್ತಿದ್ದರು. ಸಭೆಯಲ್ಲಿದ್ದವನನ್ನು 3ನೇ ಹೆನ್ರಿ ಒಳಕೋಣೆಗೆ ಕರೆಸಿದ. ದಾರಿಯಲ್ಲಿ ಅರಸನ ಅಂಗರಕ್ಷಕರು ಮುತ್ತಿಕೊಂಡರು. ಅವನು ಹೋಗುತ್ತಿದ್ದ 'ಹಳೇ ಕೋಣೆ' ಈಗ ಇಲ್ಲ, ಗಾಸ್ತೋಂನ ಕಟ್ಟಡಕ್ಕಾಗಿ ಅದನ್ನು ಕೆಡವಿದ್ದಾರೆ. ಹಾಗಾಗಿ ಇಂದು ನೋಡುವ ಕೋಣೆಗಳ ಸಾಲಿಗೂ ಓದಿದ ಕಥೆಗೂ ತಾಳೆ ಬೀಳದಿದ್ದರೆ ನಿಮ್ಮ ತಪ್ಪಲ್ಲ. ಕೆಳಗಿನ ಮಹಡಿಯಲ್ಲಿ ಕಾಯಿಲೆ ಬಿದ್ದಿದ್ದ ತಾಯಿ ಕ್ಯಾಥರೀನ್ ದ ಮೆಡಿಚಿ ಎರಡು ವಾರದಲ್ಲಿ, 1589ರ ಜನವರಿ 5ರಂದು ತೀರಿಕೊಂಡಳು. ಅವಳ ಓದುವ ಕೋಣೆಯ ಗೋಡೆಯಲ್ಲಿ 237 ಕೆತ್ತನೆ ಹಲಗೆಗಳಿವೆ, ನಾಲ್ಕರ ಹಿಂದೆ ಗುಪ್ತ ಬೀರು. ಗೋಡೆಯ ಬುಡದಲ್ಲಿರುವ ಮೆಟ್ಟುಪಟ್ಟಿ ಒತ್ತಿದರೆ ತೆರೆಯುತ್ತವೆ. ವಿಷ ಇಡುತ್ತಿದ್ದ ಬೀರು ಎಂಬುದು ಕಥೆಗಾರರ ಸೇರಿಸುವಿಕೆ, ಒಡವೆ ಮತ್ತು ಕಾಗದಪತ್ರಕ್ಕೆಂದು ಮಾಡಿಸಿದ್ದಿರಬೇಕು. ಹೆನ್ರಿಯೂ ಬಹಳ ಉಳಿಯಲಿಲ್ಲ, ಆಗಸ್ಟ್‌ನಲ್ಲಿ ಸನ್ಯಾಸಿಯೊಬ್ಬನ ಚೂರಿಗೆ ಬಲಿಯಾದ. ವಾಲ್ವಾ ವಂಶ ಅಲ್ಲಿಗೆ ಮುಗಿದು ಬೂರ್ಬೋಂ ವಂಶ ಬಂತು.

ಅಂಬುವಾಸ್ ನಿಲ್ದಾಣ ನದಿಯ ಉತ್ತರ ದಂಡೆಯಲ್ಲಿ, ಅರಮನೆ ದಕ್ಷಿಣ ದಂಡೆಯಲ್ಲಿ. ಸೇತುವೆ ದಾಟಿ ಇಪ್ಪತ್ತು ನಿಮಿಷ. ಕುದುರೆ ಏರಿಯೇ ಮೇಲೆ ಹೋಗುವಂತೆ ಗೋಪುರದೊಳಗೆ ಸುರುಳಿ ಇಳಿಜಾರು ಮಾಡಿದ್ದಾರೆ, ಅದನ್ನು ಬಿಡಬೇಡಿ. 1498ರ ಏಪ್ರಿಲ್ 7ರಂದು 8ನೇ ಚಾರ್ಲ್ಸ್ ಇಲ್ಲಿ ಚೆಂಡಾಟ ನೋಡಲು ಹೋಗುವಾಗ ತಗ್ಗು ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿದುಕೊಂಡು ಕೆಲವೇ ಗಂಟೆಗಳಲ್ಲಿ ಸತ್ತ, ವಯಸ್ಸು 27. ಮಕ್ಕಳು ಉಳಿದಿರಲಿಲ್ಲ. ಬಂಧು 12ನೇ ಲೂಯಿ ಪಟ್ಟಕ್ಕೆ ಬಂದು, ಇದ್ದ ಹೆಂಡತಿಯ ಮದುವೆ ರದ್ದು ಮಾಡಿಸಿ, ಸತ್ತವನ ವಿಧವೆ ಆ್ಯನ್‌ಳನ್ನು ಮದುವೆಯಾದ. ಪ್ರೇಮವೇನಲ್ಲ, ಬ್ರಿಟನಿ ಸೀಮೆ ಅವಳ ಹೆಸರಿನಲ್ಲಿತ್ತು.

ಬುಧವಾರ: ಸಿಟೆ ದ್ವೀಪ, ಲೂವ್ರ್

ಸ್ಯಾಂತ್ ಶಾಪೆಲ್ ಈಗಲೂ ನಡೆಯುತ್ತಿರುವ ನ್ಯಾಯಾಲಯದ ಆವರಣದಲ್ಲಿದೆ. ವಿಮಾನ ನಿಲ್ದಾಣದಂತೆ ತಪಾಸಣೆ, ಕತ್ತರಿ ಚಾಕು ಗಾಜಿನ ಸೀಸೆ ಇದ್ದರೆ ಬಿಡುವುದಿಲ್ಲ. ನಿಮ್ಮ ಗಂಟೆಗೆ ಅರ್ಧ ಗಂಟೆ ಮುಂಚೆ ಬನ್ನಿ. ಬಿಸಿಲಿಲ್ಲದ ದಿನ ಈ ಕಟ್ಟಡ ಅರ್ಧ ಮಾತ್ರ ಕಾಣುತ್ತದೆ.

ಕಾನ್‌ಸ್ಟಾಂಟಿನೋಪಲ್‌ನ ಬಡವಾಗಿದ್ದ ಚಕ್ರವರ್ತಿ ಯೇಸುವಿನ ಮುಳ್ಳಿನ ಕಿರೀಟವನ್ನು ವೆನಿಸ್ ವರ್ತಕರಿಗೆ ಅಡವಿಟ್ಟಿದ್ದ. 9ನೇ ಲೂಯಿ 1239ರಲ್ಲಿ ಅದನ್ನು ಬಿಡಿಸಿಕೊಂಡದ್ದಕ್ಕೆ ಬಿದ್ದದ್ದು 1,35,000 ಲೀವ್ರ್ (ಆಗಿನ ಫ್ರೆಂಚ್ ಹಣ), ಅದನ್ನಿಡಲು ಕಟ್ಟಿದ ಈ ಚಾಪೆಲ್‌ಗೆ ಸುಮಾರು 40,000. ಪೆಟ್ಟಿಗೆಗಿಂತ ಒಳಗಿನ ವಸ್ತುವಿಗೆ ಮೂರು ಪಟ್ಟು. ಆದರೆ ಲೂಯಿ ಕೊಂಡದ್ದು ಬರೀ ಮುಳ್ಳಲ್ಲ. ಯೇಸುವಿನ ಕಿರೀಟ ಮನೆಯಲ್ಲಿರುವ ದೊರೆಗೆ ಯುರೋಪಿನ ಉಳಿದ ದೊರೆಗಳ ನಡುವೆ ಸಿಗುವ ಸ್ಥಾನವೇ ಬೇರೆ. 1248ರಲ್ಲಿ ಚಾಪೆಲ್ ಪ್ರತಿಷ್ಠೆಯಾಯಿತು. ಮಹಡಿಯಲ್ಲಿ 15 ಕಿಟಕಿಗಳಿವೆ, ಒಂದೊಂದೂ ಸುಮಾರು 15 ಮೀಟರ್ ಎತ್ತರ. ಎಲ್ಲವನ್ನೂ ಓದಲು ಹೋಗಬೇಡಿ, ಕುತ್ತಿಗೆ ನೋಯುತ್ತದೆ. ಒಳಬಂದೊಡನೆ ಬಲಗಡೆಯ ಮೊದಲ ಕಿಟಕಿ ಮಾತ್ರ ನಿಧಾನವಾಗಿ ನೋಡಿ: ಬೈಬಲ್ ಕಥೆಗಳ ಸಾಲಿನ ಕೊನೆಗೆ ಲೂಯಿ ಸ್ವತಃ ಸೇರಿಕೊಂಡಿದ್ದಾನೆ, ಮುಳ್ಳಿನ ಕಿರೀಟ ಬರಮಾಡಿಕೊಳ್ಳುತ್ತ. ಕಿರೀಟ ಈಗ ಇಲ್ಲಿಲ್ಲ, ನೋತ್ರ್ ದಾಮ್‌ನಲ್ಲಿದೆ.

ಪಕ್ಕದ ಕೊಂಸಿಯೆರ್ಜರಿ 4ನೇ ಫಿಲಿಪ್‌ನ ಕಾಲದ ಅರಮನೆಯ ಕೆಳಹಂತ. ಆಳುಕಾಳು, ಸಿಪಾಯಿಗಳ ಊಟದ ಹಜಾರ 64 ಮೀಟರ್ ಉದ್ದವಿದೆ. ಅರಸರು ಇದನ್ನು ಬಿಟ್ಟುಹೋದದ್ದಕ್ಕೂ ರಕ್ತವೇ ಕಾರಣ. 1358ರಲ್ಲಿ ವರ್ತಕರ ಮುಖಂಡ ಎತಿಯೆನ್ ಮಾರ್ಸೆಲ್‌ನ ಗುಂಪು ಅರಮನೆಗೆ ನುಗ್ಗಿ ಯುವರಾಜ ಚಾರ್ಲ್ಸ್‌ನ ಕಣ್ಣೆದುರೇ ಇಬ್ಬರು ಸೇನಾಧಿಕಾರಿಗಳನ್ನು ಕಡಿಯಿತು. ಆತ 5ನೇ ಚಾರ್ಲ್ಸ್ ಆದ ಮೇಲೆ ಇಲ್ಲಿ ವಾಸ ಮಾಡಲಿಲ್ಲ. ನ್ಯಾಯಾಲಯ ಮತ್ತು ಸೆರೆಮನೆ ಉಳಿದವು. ಆ ಸೆರೆಮನೆಗೇ 1793ರ ಆಗಸ್ಟ್‌ನಲ್ಲಿ 16ನೇ ಲೂಯಿಯ ರಾಣಿ ಮೇರಿ ಆಂಟೊನೆಟ್ ಬಂದಳು.

ಬುಧವಾರ ಲೂವ್ರ್ ರಾತ್ರಿ 9ರವರೆಗೆ ತೆರೆದಿರುತ್ತದೆ. ಸಂಜೆ 5ರ ಮೇಲೆ ಹೋದರೆ ನೆಲಮಾಳಿಗೆಯಲ್ಲಿ ಜನ ಕಡಿಮೆ. ಸುಲ್ಲಿ ವಿಭಾಗದ ಕೆಳಹಂತದಲ್ಲಿ ದೊರೆ ಫಿಲಿಪ್ ಆಗಸ್ಟಸ್ 1190ರ ನಂತರ ಕಟ್ಟಿಸಿದ ಕೋಟೆಯ ಕಂದಕದೊಳಗೇ ನಡೆಯಬಹುದು. ಕಲ್ಲುಗಳ ಮೇಲೆ ಕಲ್ಲುಕುಟಿಗರು ಕೊರೆದ ಗುರುತುಗಳಿವೆ, ಹೃದಯದ ಆಕಾರದ್ದೂ ಸಿಗುತ್ತದೆ. ರೀಮ್ಸ್‌ನಲ್ಲಿ ಖಾಲಿಯಾಗಿ ಕಂಡ ನೆಲಕ್ಕೆ ಸೇರಿದ ವಸ್ತುಗಳು ರಿಶಲ್ಯೂ ವಿಭಾಗದ ಅಲಂಕಾರ ಕಲೆಯ ಕೋಣೆಗಳಲ್ಲಿವೆ: 5ನೇ ಚಾರ್ಲ್ಸ್‌ನ ರಾಜದಂಡ ಮತ್ತು 'ಜುವಾಯೂಸ್' ಎಂಬ ಅಭಿಷೇಕದ ಖಡ್ಗ.

ಅಪೊಲೊ ಗ್ಯಾಲರಿಯ ಒಡವೆಗಳ ವಿಷಯ ಬೇರೆ. 2025ರ ಅಕ್ಟೋಬರ್ 19ರಂದು ಅಲ್ಲಿಂದ ಎಂಟು ಒಡವೆ ಕಳವಾದವು. ಆಮೇಲೆ ವ್ಯವಸ್ಥೆ ಬದಲಾಗಿದೆ, ಏನು ಪ್ರದರ್ಶನದಲ್ಲಿದೆ ಎಂದು ಹೋಗುವ ವಾರವೇ ಲೂವ್ರ್ ಜಾಲತಾಣದಲ್ಲಿ ನೋಡಿ. ಹೋದವೆಲ್ಲ 19ನೇ ಶತಮಾನದ ರಾಣಿಯರ, ಸಾಮ್ರಾಜ್ಞಿಯರ ಒಡವೆಗಳು. 140 ಕ್ಯಾರಟ್‌ನ ರೀಜೆಂಟ್ ವಜ್ರ ಉಳಿಯಿತು. ಕೃಷ್ಣಾ ನದಿಯ ದಡದ ಕೊಲ್ಲೂರಿನ ಗಣಿಯಲ್ಲಿ ಸಿಕ್ಕಿದ್ದು ಅದು. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ ಕೊಲ್ಲೂರು. ಮದ್ರಾಸಿನ ಇಂಗ್ಲಿಷ್ ಗವರ್ನರ್ ಥಾಮಸ್ ಪಿಟ್‌ನ ಕೈಯಿಂದ 1717ರಲ್ಲಿ ಫ್ರೆಂಚ್ ಆಸ್ಥಾನಕ್ಕೆ ಬಂದು, 1722ರಲ್ಲಿ 15ನೇ ಲೂಯಿಯ ಕಿರೀಟದಲ್ಲಿ ರೀಮ್ಸ್‌ಗೆ ಹೋಯಿತು.

ಗುರುವಾರ: ವರ್ಸಾಯ್

ಆರ್‌ಇಆರ್ ಎಂಬ ಉಪನಗರ ರೈಲಿನ ಸಿ ಮಾರ್ಗದಲ್ಲಿ 'ವರ್ಸಾಯ್ ಶಾತೋ ರೀವ್ ಗೋಶ್' ಕೊನೆಯ ನಿಲ್ದಾಣ. ಅದೇ ಮಾರ್ಗದ ಇನ್ನೊಂದು ಕವಲು 'ವರ್ಸಾಯ್ ಶಾಂತಿಯೆ'ಗೆ ಹೋಗುತ್ತದೆ, ಅಲ್ಲಿಂದ ಅರಮನೆ ದೂರ. ಫಲಕದಲ್ಲಿ ಊರಿನ ಪೂರ್ತಿ ಹೆಸರು ಓದಿ ಹತ್ತಿ. 2025ರ ಜನವರಿಯಿಂದ ಪ್ಯಾರಿಸ್ ಪ್ರಾಂತ್ಯಕ್ಕೆಲ್ಲ ಮೆಟ್ರೊ ಮತ್ತು ರೈಲಿಗೆ ಒಂದೇ ದರದ ಟಿಕೆಟ್ ಬಂದಿರುವುದರಿಂದ ವರ್ಸಾಯ್‌ಗೆ ಬೇರೆ ಟಿಕೆಟ್ ಬೇಕಿಲ್ಲ. 2 ಯುರೋ ಕೊಟ್ಟು ನಾವಿಗೊ ಈಜಿ ಕಾರ್ಡ್ ಮಾಡಿಸಿಕೊಂಡು ಅದಕ್ಕೆ ಟಿಕೆಟ್ ತುಂಬಿಸಿದರಾಯಿತು. ಒಬ್ಬರಿಗೆ ಒಂದು ಕಾರ್ಡ್, ಇಬ್ಬರು ಹಂಚಿಕೊಳ್ಳುವಂತಿಲ್ಲ.

13ನೇ ಲೂಯಿಯ ಬೇಟೆಮನೆ ಇದ್ದ ಜಾಗಕ್ಕೆ 14ನೇ ಲೂಯಿ 1682ರ ಮೇ 6ರಂದು ಆಸ್ಥಾನವನ್ನೇ ಎತ್ತಿತಂದ. ಅರಮನೆಯೊಳಗಿನ ದಾರಿ ಏಕಮುಖ, ದಾಟಿದ ಕೋಣೆಗೆ ಮರಳುವುದು ಕಷ್ಟ. ಹಾಗಾಗಿ ಎಲ್ಲರಂತೆ ಕನ್ನಡಿ ಹಜಾರಕ್ಕೆ ಓಡದೆ ಹರ್ಕ್ಯುಲಿಸ್ ಸಲೋನ್‌ನಲ್ಲಿ ನಿಲ್ಲಿ. ಚಾಪೆಲ್‌ನ ಮಹಡಿಯ ಪಕ್ಕದಲ್ಲೇ ಸಿಗುತ್ತದೆ. ಗೋಡೆಯಲ್ಲಿ ವೆನಿಸ್ ಕೊಟ್ಟ ವೆರೊನೀಸ್‌ನ ಚಿತ್ರ, ಚಾವಣಿಯಲ್ಲಿ ಲಮುವಾನ್ 1736ರಲ್ಲಿ ಮುಗಿಸಿದ 142 ಆಕೃತಿಗಳ ಚಿತ್ರ.

1788ರ ಆಗಸ್ಟ್ 10ರಂದು 16ನೇ ಲೂಯಿ ಟಿಪ್ಪು ಸುಲ್ತಾನನ ರಾಯಭಾರಿಗಳನ್ನು ಬರಮಾಡಿಕೊಂಡದ್ದು ಈ ಕೋಣೆಯಲ್ಲಿ. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಪಾಂಡಿಚೇರಿಯಿಂದ ಹಡಗು ಹತ್ತಿ ಜೂನ್‌ನಲ್ಲಿ ತೂಲೋಂ ಬಂದರಿಗೆ ಇಳಿದಿದ್ದರು. ಕೇಳಲು ಬಂದದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಜೊತೆಗೆ ಕುಶಲಕರ್ಮಿಗಳು, ಗಿಡ ಬೀಜಗಳು. ಪ್ಯಾರಿಸ್ ಜನ ಅವರ ಮಸ್ಲಿನ್ ನಿಲುವಂಗಿ ನೋಡಲು ಮುಗಿಬಿದ್ದರು, ರಾಣಿಯ ಚಿತ್ರಗಾರ್ತಿ ವಿಜೆ ಲ ಬ್ರೂನ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು, ಸೆವ್ರ್ ಕಾರ್ಖಾನೆಯ ಪಿಂಗಾಣಿ ಉಡುಗೊರೆಯಾಗಿ ಬಂತು. ಸೈನ್ಯ ಬರಲಿಲ್ಲ. ಯಾಕೆಂದು ತಿಳಿಯಲು ಆ ತಿಂಗಳ ಪಂಚಾಂಗ ನೋಡಿದರೆ ಸಾಕು. ಆಗಸ್ಟ್ 8ರಂದು, ಅಂದರೆ ದರ್ಬಾರಿಗೆ ಎರಡು ದಿನ ಮೊದಲು, ಹಣಕ್ಕೆ ದಾರಿ ಕಾಣದೆ ಸರ್ಕಾರ 1614ರ ನಂತರ ಸೇರದಿದ್ದ ಎಸ್ಟೇಟ್ಸ್ ಜನರಲ್, ಅಂದರೆ ಪಾದ್ರಿ, ಶ್ರೀಮಂತ, ಸಾಮಾನ್ಯ ಎಂಬ ಮೂರು ವರ್ಗಗಳ ಪ್ರತಿನಿಧಿ ಸಭೆ ಕರೆದಿತ್ತು. ಆಗಸ್ಟ್ 16ರಂದು ಖಜಾನೆ ಪಾವತಿ ನಿಲ್ಲಿಸಿತು. ಎರಡರ ನಡುವೆ ಶ್ರೀರಂಗಪಟ್ಟಣದವರ ಮುಂದೆ ವಜ್ರ ತೊಟ್ಟು ಕೂತ ದೊರೆ ದಿವಾಳಿಯಾಗಿದ್ದ. ನಾಲ್ಕು ವರ್ಷ ಕಳೆದು ಅದೇ ಆಗಸ್ಟ್ 10ರಂದು ಪ್ಯಾರಿಸ್ ಜನ ಟ್ವೀಲರಿ ಅರಮನೆಗೆ ನುಗ್ಗಿ ಅವನ ಆಳ್ವಿಕೆ ಮುಗಿಸಿದರು.

ಕನ್ನಡಿ ಹಜಾರ 73 ಮೀಟರ್ ಉದ್ದ, 357 ಕನ್ನಡಿ. ಅದರ ಬೆನ್ನಿಗೇ ಇರುವುದು ಅರಸನ ಮಲಗುವ ಕೋಣೆ, ಅರಮನೆಯ ನಟ್ಟನಡುವೆ, ಸೂರ್ಯ ಹುಟ್ಟುವ ದಿಕ್ಕಿಗೆ. 14ನೇ ಲೂಯಿ ಹಾಸಿಗೆಯಿಂದ ಏಳುವುದು, ಅಂಗಿ ತೊಡುವುದು ಎಲ್ಲವೂ ದರ್ಜೆವಾರು ಒಳಬಿಟ್ಟ ಗಣ್ಯರ ಮುಂದೆ ನಡೆಯುತ್ತಿತ್ತು. ಅಂಗಿ ಹಿಡಿದುಕೊಡುವುದೇ ಒಂದು ಹುದ್ದೆ. 1715ರ ಸೆಪ್ಟೆಂಬರ್ 1ರಂದು ಕಾಲು ಕೊಳೆತು ಅವನು ಸತ್ತದ್ದೂ ಇಲ್ಲೇ, ಅದೂ ಎಲ್ಲರ ಕಣ್ಣೆದುರು. ಅವನ ಮರಿಮಗ 15ನೇ ಲೂಯಿ ಪ್ರೇಯಸಿಯರನ್ನು ಬಿಡಲೊಪ್ಪದ ಕಾರಣ ಪಾಪವಿಮೋಚನೆ ಸಿಗಲಿಲ್ಲ, 1739ರ ಈಸ್ಟರ್‌ನಿಂದ ಗಂಡಮಾಲೆಯವರನ್ನು ಮುಟ್ಟುವುದೂ ನಿಂತಿತು. ಆ ಕಾಲದಲ್ಲಿ ಅರಸೊತ್ತಿಗೆಯನ್ನು ಪ್ರಶ್ನಿಸಿದ ಫಿಲಾಸಫರ್‌ಗಳ ಪುಸ್ತಕಗಳಿಗಿಂತ ಇದು ಸಾಮಾನ್ಯ ಜನರ ಮನಸ್ಸಿನಲ್ಲಿ ಅರಸನನ್ನು ಹೆಚ್ಚು ಕೆಳಗಿಳಿಸಿತು ಎಂದೇ ಹೇಳಬೇಕು.

ತೋಟದಲ್ಲಿ ಕಾರಂಜಿ ಆಡುವ ದಿನಗಳಲ್ಲಿ ಬೇರೆ ಟಿಕೆಟ್ ಇರುತ್ತದೆ, ಪಾಸ್‌ನಲ್ಲಿ ಅದು ಸೇರಿಲ್ಲ. ಸೇನ್ ನದಿಯಿಂದ ನೀರೆತ್ತಲು ಮಾರ್ಲಿಯಲ್ಲಿ 14 ದೊಡ್ಡ ಚಕ್ರಗಳ ಯಂತ್ರ ಕಟ್ಟಿದರೂ ಎಲ್ಲ ಕಾರಂಜಿಗೆ ಒಟ್ಟಿಗೆ ನೀರು ಸಾಲುತ್ತಿರಲಿಲ್ಲ. ದೊರೆ ಹತ್ತಿರ ಬಂದಾಗ ಸೀಟಿ ಊದಿ ಮುಂದಿನದನ್ನು ಬಿಡುತ್ತಿದ್ದರು.

ಶುಕ್ರವಾರ: ಬೀದಿಗಳಲ್ಲಿ

ಇವತ್ತು ಟಿಕೆಟ್ ಕೆಲಸ ಕಡಿಮೆ, ಕಾಲಿನ ಕೆಲಸ ಹೆಚ್ಚು. ಶಾತ್‌ಲೆ ಲೆ ಆಲ್ ನಿಲ್ದಾಣದ ಪಕ್ಕದ ಫೆರೊನರಿ ಬೀದಿಯಲ್ಲಿ ನೆಲ ನೋಡುತ್ತ ನಡೆಯಿರಿ. ರಾಜಲಾಂಛನವಿರುವ ಕಲ್ಲು ಸಿಗುತ್ತದೆ. 1610ರ ಮೇ 14ರಂದು ಇಕ್ಕಟ್ಟಾದ ಈ ಬೀದಿಯಲ್ಲಿ ಗಾಡಿಗಳು ಅಡ್ಡವಾಗಿ 4ನೇ ಹೆನ್ರಿಯ ರಥ ನಿಂತಾಗ ರಾವಯ್ಯಾಕ್ ಎಂಬವನು ಚಕ್ರ ಹತ್ತಿ ಇರಿದ. ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಪೋಂ ನಫ್ ಸೇತುವೆಯ ಮೇಲೆ ಅದೇ ಹೆನ್ರಿ ಕುದುರೆ ಏರಿದ್ದಾನೆ. 1614ರ ಮೂಲ ವಿಗ್ರಹವನ್ನು 1792ರಲ್ಲಿ ಕರಗಿಸಿದರು. ಈಗಿರುವುದು 1818ರದ್ದು, ನೆಪೋಲಿಯನ್‌ನ ವಿಗ್ರಹ ಕರಗಿಸಿದ ಕಂಚು ಅದರಲ್ಲಿ ಸೇರಿದೆ.

ಟ್ವೀಲರಿ ತೋಟಕ್ಕೆ ಹೆಸರು ಕೊಟ್ಟ ಅರಮನೆ ಈಗಿಲ್ಲ, 1871ರಲ್ಲಿ ಸುಟ್ಟು 1883ರಲ್ಲಿ ನೆಲಸಮವಾಯಿತು. ತೋಟದ ಪಶ್ಚಿಮ ತುದಿಗೆ ಕೊಂಕಾರ್ಡ್ ಚೌಕ. 1793ರ ಜನವರಿ 21ರ ಬೆಳಿಗ್ಗೆ 16ನೇ ಲೂಯಿಯ ತಲೆ ಬಿದ್ದದ್ದು ಇಲ್ಲಿ. ಅವನ ವಿಚಾರಣೆ ನಡೆಸಿದ ಕ್ರಾಂತಿಕಾರಿ ಸಭೆಯ 721 ಮತಗಳಲ್ಲಿ 387 ಮರಣದಂಡನೆಗೆ ಬಿದ್ದಿದ್ದವು. ಅವನ ಬಂಧು, ಆರ್ಲಿಯನ್ಸ್‌ನ ಡ್ಯೂಕ್‌ನದೂ ಅವುಗಳಲ್ಲೊಂದು. ಚೌಕದ ನಡುವಿನ ಕಂಬ ಇರುವ ಜಾಗವೇ ತಲೆ ಕಡಿಯುವ ಯಂತ್ರ ಗಿಲೊಟಿನ್ ಇದ್ದ ಜಾಗ ಎಂದು ಎಲ್ಲರೂ ಫೋಟೊ ತೆಗೆಯುತ್ತಾರೆ. ಅಲ್ಲಿ 15ನೇ ಲೂಯಿಯ ವಿಗ್ರಹದ ಪೀಠವಿತ್ತು. ಅಂದು ಗಿಲೊಟಿನ್ ಇಟ್ಟಿದ್ದು ಆ ಪೀಠಕ್ಕೂ ಶಾಂಜೆಲಿಜೆ ರಸ್ತೆಗೂ ನಡುವೆ. ಈಜಿಪ್ಟಿನ ಕಂಬವನ್ನು 1836ರಲ್ಲಿ ನಿಲ್ಲಿಸಿದವನು ಮರಣಕ್ಕೆ ಮತ ಹಾಕಿದ ಆ ಡ್ಯೂಕ್‌ನ ಮಗ ಲೂಯಿ ಫಿಲಿಪ್. ಯಾವ ಪಕ್ಷಕ್ಕೂ ಸೇರದ ಕಲ್ಲು ಅವನಿಗೆ ಬೇಕಿತ್ತು.

ಇಲ್ಲಿಂದ ಉತ್ತರಕ್ಕೆ ಒಂದು ಕಿಲೋಮೀಟರ್ ನಡೆದರೆ ಶಾಪೆಲ್ ಎಕ್ಸ್‌ಪಿಯಾತ್ವಾರ್, ಪ್ರಾಯಶ್ಚಿತ್ತದ ಚಾಪೆಲ್. ವಾರದಲ್ಲಿ ಕೆಲವೇ ದಿನ ತೆರೆಯುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಬೀಗ. ಮದ್‌ಲೆನ್ ಸ್ಮಶಾನ ಇದ್ದ ಈ ಜಾಗದಲ್ಲಿ ಅರಸ, ರಾಣಿ ಇಬ್ಬರನ್ನೂ ಸುಟ್ಟ ಸುಣ್ಣ ಸುರಿದು ಹೂತಿದ್ದರು. ಪಕ್ಕದ ಮನೆಯ ವಕೀಲ ದೆಕ್ಲೊಜೊ ಜಾಗ ಗುರುತಿಟ್ಟುಕೊಂಡು, ಆಮೇಲೆ ನೆಲವನ್ನೇ ಕೊಂಡು ಕಾಪಾಡಿದ. 1815ರ ಜನವರಿಯಲ್ಲಿ ಅಗೆದಾಗ ಸುಣ್ಣದಲ್ಲಿ ಉಳಿದ ಮೂಳೆ ಸಿಕ್ಕವು. ಕೆಳಗಿನ ಕಪ್ಪು ಬಿಳಿ ಬಲಿಪೀಠ ಅರಸನ ಅವಶೇಷ ಸಿಕ್ಕ ಜಾಗದ ಮೇಲಿದೆ.

ಶನಿವಾರ: ಸ್ಯಾಂ ದೆನಿ

ಮೆಟ್ರೊ 13ನೇ ಮಾರ್ಗ ಉತ್ತರದಲ್ಲಿ ಎರಡು ಕವಲಾಗುತ್ತದೆ. 'ಸ್ಯಾಂ ದೆನಿ' ಕವಲಿನ ರೈಲು ಹತ್ತಿ 'ಬಸಿಲಿಕ್ ದ ಸ್ಯಾಂ ದೆನಿ'ಯಲ್ಲಿ ಇಳಿಯಿರಿ. ಶನಿವಾರ ಚೌಕದ ಸುತ್ತ ಗಿಜಿಗಿಜಿ, ಜೇಬು ನೋಡಿಕೊಳ್ಳಿ. ನಡುಹಜಾರಕ್ಕೆ ಟಿಕೆಟ್ ಇಲ್ಲ, ಗೋರಿಗಳ ಭಾಗಕ್ಕೆ ಇದೆ. ಮದುವೆ ಅಥವಾ ಅಂತ್ಯಕ್ರಿಯೆ ಇದ್ದರೆ ಕೆಲವು ಗಂಟೆ ಒಳಗೆ ಬಿಡುವುದಿಲ್ಲ, ಆದ್ದರಿಂದ ಬೆಳಿಗ್ಗೆಯೇ ಹೋಗಿ.

639ರಲ್ಲಿ ಸತ್ತ ದಾಗೊಬೆರ್‌ನಿಂದ 1824ರಲ್ಲಿ ಸತ್ತ 18ನೇ ಲೂಯಿಯವರೆಗೆ 42 ಅರಸರು, 32 ರಾಣಿಯರು ಇಲ್ಲಿಗೆ ಬಂದರು. ಮಠಾಧಿಪತಿ ಸೂಜೆ 1144ರಲ್ಲಿ ಪ್ರತಿಷ್ಠೆ ಮಾಡಿಸಿದ ಹಿಂಭಾಗದಿಂದಲೇ ಗಾಥಿಕ್ ಶೈಲಿ ಶುರು ಎನ್ನುತ್ತಾರೆ. ಮಲಗಿದ ಕಲ್ಲಿನ ವಿಗ್ರಹಗಳು ಎಪ್ಪತ್ತಕ್ಕೂ ಹೆಚ್ಚು. ಹಳೆಯ ಅರಸರ ಮುಖಗಳನ್ನು ನಂಬಬೇಡಿ. ಅವೆಲ್ಲ 9ನೇ ಲೂಯಿ 1260ರ ದಶಕದಲ್ಲಿ ಒಟ್ಟಿಗೆ ಮಾಡಿಸಿದ್ದು, ವಂಶಾವಳಿ ಒಂದೇ ದಾರದಲ್ಲಿ ಬಂದಿದೆಯೆಂದು ತೋರಿಸಲು. ಅಸಲಿ ಮುಖ ಬರುವುದು ಆಮೇಲೆ. 12ನೇ ಲೂಯಿ ಮತ್ತು ಆ್ಯನ್ ಗೋರಿಯಲ್ಲಿ ಮೇಲೆ ಇಬ್ಬರೂ ಮಂಡಿಯೂರಿ ಪ್ರಾರ್ಥಿಸುತ್ತಾರೆ, ಕೆಳಗೆ ಅದೇ ಇಬ್ಬರು ಬೆತ್ತಲೆ ಶವಗಳು, ಹೊಟ್ಟೆ ಬಗೆದು ಹೊಲಿದ ಗೆರೆ ಸಮೇತ. ಕರುಳು ತೆಗೆಯುವುದು ವಾಡಿಕೆ, ಹೃದಯವೂ ಬೇರೆ ಕಡೆಗೆ ಹೋಗುತ್ತಿತ್ತು. 5ನೇ ಚಾರ್ಲ್ಸ್‌ನ ದೇಹ ಇಲ್ಲಿ, ಹೃದಯ ರೂಆನ್‌ನಲ್ಲಿ, ಕರುಳು ಮೊಬ್ವಿಸೋಂ ಮಠದಲ್ಲಿ ಎಂದು ಮೂರು ಗೋರಿ. ಒಬ್ಬ ದೊರೆಗೆ ಮೂರು ಕಡೆ ಪ್ರಾರ್ಥನೆ ನಡೆಯಲಿ ಎಂಬ ಲೆಕ್ಕ.

14ನೇ ಲೂಯಿಯ ದೊಡ್ಡ ಸಮಾಧಿ ಹುಡುಕಿ ನಿರಾಶರಾಗುವವರು ಬಹಳ. ಬೂರ್ಬೋಂ ದೊರೆಗಳಿಗೆ ಇಲ್ಲಿ ಸ್ಮಾರಕವೇ ಇರಲಿಲ್ಲ, ಸೀಸದ ಪೆಟ್ಟಿಗೆಗಳನ್ನು ನೆಲಮಾಳಿಗೆಯಲ್ಲಿ ಸಾಲಾಗಿ ಇಡುತ್ತಿದ್ದರು. ಕೊನೆಗೆ ಸತ್ತವನ ಪೆಟ್ಟಿಗೆ ಮುಂದಿನವನು ಬರುವ ತನಕ ಬಾಗಿಲ ಬಳಿ ಕಾಯಬೇಕು. 1793ರ ಆಗಸ್ಟ್‌ನಲ್ಲಿ ಕ್ರಾಂತಿ ಸರ್ಕಾರದ ಆಜ್ಞೆಯಂತೆ ಮೇಲಿನ ಗೋರಿಗಳನ್ನು ಒಡೆದರು, ಅಕ್ಟೋಬರ್ 12ರಿಂದ ನೆಲಮಾಳಿಗೆ ತೆರೆದರು. ಸೀಸ ಗುಂಡು ಎರಕಕ್ಕೆ ಬೇಕಿತ್ತು. ಮೊದಲು ಸಿಕ್ಕ 4ನೇ ಹೆನ್ರಿಯ ದೇಹ ಕೆಡದೆ ಉಳಿದಿತ್ತು, ಅದನ್ನು ನಿಲ್ಲಿಸಿ ಜನರಿಗೆ ತೋರಿಸಿದರು. ಬಾಗಿಲ ಬಳಿ ಕಾಯುತ್ತಿದ್ದ 15ನೇ ಲೂಯಿಯ ಪೆಟ್ಟಿಗೆ ಒಡೆದದ್ದು ಅಕ್ಟೋಬರ್ 16ರಂದು, ಅದೇ ದಿನ ಮೇರಿ ಆಂಟೊನೆಟ್ ಕೊಂಕಾರ್ಡ್ ಚೌಕದಲ್ಲಿ ಗಿಲೊಟಿನ್ ಏರಿದಳು. ಎಲ್ಲ ದೇಹಗಳನ್ನೂ ಉತ್ತರದ ಬದಿಯ ಎರಡು ಗುಂಡಿಗೆ ಹಾಕಿ ಸುಣ್ಣ ಸುರಿದರು. ವಿಗ್ರಹಗಳು ಉಳಿದದ್ದು ಅಲೆಕ್ಸಾಂದ್ರ್ ಲನುವಾರ್ ಅವುಗಳನ್ನು ಕಲಾಕೃತಿ ಎಂಬ ಹೆಸರಿನಲ್ಲಿ ಸಾಗಿಸಿ ಮ್ಯೂಸಿಯಂ ಮಾಡಿದ್ದರಿಂದ.

ಅರಸೊತ್ತಿಗೆ ಮರಳಿದ ಮೇಲೆ 1817ರಲ್ಲಿ 18ನೇ ಲೂಯಿ ಗುಂಡಿ ತೆಗೆಸಿದಾಗ ಯಾರ ಮೂಳೆ ಯಾರದೆಂದು ಹೇಳುವಂತಿರಲಿಲ್ಲ. ಕೆಳಗಿನ ಅಸ್ಥಿಕೋಣೆಯಲ್ಲಿ ಎಲ್ಲರೂ ಒಟ್ಟಿಗಿದ್ದಾರೆ, ಹೊರಗಿನ ಅಮೃತಶಿಲೆಯ ಹಲಗೆಗಳಲ್ಲಿ ಹೆಸರು ಮಾತ್ರ ವಂಶವಾರು. ಪಕ್ಕದಲ್ಲೇ ಆರು ಕಪ್ಪು ಕಲ್ಲುಗಳಿವೆ, ಎರಡರ ಕೆಳಗೆ ಶುಕ್ರವಾರ ಕಂಡ ಸ್ಮಶಾನದಿಂದ ತಂದ ಅರಸ, ರಾಣಿ. ಒಂದು ಗೂಡಿನಲ್ಲಿ ಸ್ಫಟಿಕದ ಪಾತ್ರೆ, ಅದರಲ್ಲಿ 1795ರಲ್ಲಿ ಸೆರೆಯಲ್ಲೇ ಹತ್ತು ವರ್ಷದವನಾಗಿ ಸತ್ತ, 16ನೇ ಲೂಯಿಯ ಮಗ 17ನೇ ಲೂಯಿಯ ಒಣಗಿದ ಹೃದಯ. ಶವಪರೀಕ್ಷೆ ಮಾಡಿದ ವೈದ್ಯ ಪೆಲ್‌ತಾಂ ಕದ್ದೊಯ್ದದ್ದು ಅದು. 2000ರ ಡಿಎನ್‌ಎ ಪರೀಕ್ಷೆ ತಾಯಿಯ ಕಡೆಯ ವಂಶಕ್ಕೆ ಹೊಂದಿತು, 2004ರ ಜೂನ್ 8ರಂದು ಇಲ್ಲಿಟ್ಟರು.

ಆರನೇ ಕಪ್ಪು ಕಲ್ಲಿನ ಮೇಲೆ ಹೆಸರಿಲ್ಲ, ಕೆಳಗೆ ಯಾರೂ ಇಲ್ಲ. ರೀಮ್ಸ್‌ನಲ್ಲಿ ಕೊನೆಯ ಎಣ್ಣೆ ಹಚ್ಚಿಸಿಕೊಂಡ 10ನೇ ಚಾರ್ಲ್ಸ್ 1830ರಲ್ಲಿ ದೇಶ ಬಿಟ್ಟು, 1836ರಲ್ಲಿ ಕಾಲರಾದಿಂದ ಸತ್ತು, ಇಂದಿನ ಸ್ಲೊವೇನಿಯಾದ ನೋವಾ ಗೊರಿತ್ಸಾದ ಮಠದಲ್ಲಿದ್ದಾನೆ. ಅವನ ನಂತರ ಅಭಿಷೇಕವಿಲ್ಲದೆ ಆಳಿದ ಲೂಯಿ ಫಿಲಿಪ್ 1848ರಲ್ಲಿ ಪಟ್ಟ ಬಿಟ್ಟವನು. ಅವನಿರುವುದು ದ್ರೂ ಊರಿನ ಚಾಪೆಲ್‌ನಲ್ಲಿ. ಇನ್ನೊಂದು ದಿನ ಕೈಯಲ್ಲಿದ್ದರೆ ಮೊಂಪರ್ನಾಸ್ ನಿಲ್ದಾಣದಿಂದ ದ್ರೂಗೆ ನೇರ ರೈಲಿದೆ, ಚಳಿಗಾಲದಲ್ಲಿ ಮಾತ್ರ ಚಾಪೆಲ್ ಮುಚ್ಚಿರುತ್ತದೆ.